ಹಳ್ಳಿ ಕೋಳಿಯ ಮೊಟ್ಟೆ

ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದ ಕಾಲದಲ್ಲಿ, ಇಟಲಿಯ ಒಬ್ಬ ಚಿತ್ರಗಾರನ ಹಿತ್ತಲಲ್ಲಿ ಎರಡು ಕೋಳಿಗಳಿದ್ದವು, ಒಂದು ಪೇಟೆಯಿಂದ ತಂದದ್ದು, ಇನ್ನೊಂದು ಹಳ್ಳಿಯಿಂದ. ಪೇಟೆ ಕೋಳಿಯ ಹಳದಿ ತೆಳು, ಅದು ಎಳೆಯ ಮುಖಗಳಿಗೆ. ಹಳ್ಳಿ ಕೋಳಿಯದು ಗಾಢ, ಅದು ವಯಸ್ಸಾದ ಮುಖಗಳಿಗೆ. ಆದರೆ ಮುದುಕರೂ ತಮ್ಮನ್ನು ಎಳೆಯರಂತೆಯೇ ಬರೆಯಬೇಕೆಂದು ಹಟ ಹಿಡಿಯುತ್ತಿದ್ದರು. ಚಿತ್ರಗಾರ ಹಾಗೇ ಬರೆದುಕೊಡುತ್ತಿದ್ದ.

"ನಿನ್ನ ಮೊಟ್ಟೆ ಯಾರಿಗೂ ಬೇಡವಂತೆ. ನಾಳೆ ನಿನ್ನನ್ನೇ ಕೊಯ್ದು ಸಾರು ಮಾಡುತ್ತಾರಂತೆ," ಎಂದಿತು ಪೇಟೆ ಕೋಳಿ. ಹಳ್ಳಿ ಕೋಳಿ ಕಾಳು ಬಿಟ್ಟು ಗೂಡಿನ ಮೂಲೆ ಸೇರಿತು.

ಬೆಳಗಾದರೆ ಅಡುಗೆಯವಳು ಕತ್ತಿ ಹಿಡಿದು ಬಂದೇಬಿಟ್ಟಳು. ಅದರ ಕಾಲು ಹಿಡಿದೆತ್ತುವಷ್ಟರಲ್ಲಿ ಚಿತ್ರಗಾರನ ಮಗಳು ತೆಸ್ಸಾ ಓಡಿಬಂದಳು. ಆ ಊರಲ್ಲಿ ಕುಂಚ ಹಿಡಿದ ಹೆಣ್ಣು ಅವಳೊಬ್ಬಳೇ. ಹೆಣ್ಣಿನ ಮುಂದೆ ಯಾರೂ ಚಿತ್ರಕ್ಕೆ ಕೂರುತ್ತಿರಲಿಲ್ಲವಾದ್ದರಿಂದ ಅಂದು ತನ್ನ ಅಜ್ಜಿಯನ್ನೇ ಕೂರಿಸಿದ್ದಳು.

"ಬಿಡಮ್ಮಾ, ಬಿಡು! ಅಜ್ಜಿಯ ಮುಖಕ್ಕೆ ಇದರ ಮೊಟ್ಟೆಯೇ ಆಗಬೇಕು."

ಹಳ್ಳಿ ಕೋಳಿಗೆ ಹೋದ ಜೀವ ಬಂದಂತಾಯಿತು.

"ಸುಕ್ಕು ಬರೆಸಿಕೊಳ್ಳಲು ಇನ್ಯಾರು ಬರುತ್ತಾರೆ? ಇನ್ನೆಷ್ಟು ದಿನ ನಿನ್ನ ಆಟ?" ಎಂದಿತು ಪೇಟೆ ಕೋಳಿ.

ಚಿತ್ರ ಮುಗಿದ ದಿನ ಅಜ್ಜಿ ಅದನ್ನು ಅಂಗಳದ ಬೆಳಕಿಗೆ ತರಿಸಿ, ಬಹಳ ಹೊತ್ತು ನೋಡಿದಳು. "ನಿಮ್ಮಪ್ಪ ನನ್ನನ್ನು ಬರೆದದ್ದರಲ್ಲಿ ಯಾರೋ ಹುಡುಗಿ ಕೂತಿದ್ದಾಳೆ ಕಣೇ. ಇದರಲ್ಲಿ ನಾನಿದ್ದೇನೆ," ಎಂದಳು.

ವಾರ ಕಳೆಯುವಷ್ಟರಲ್ಲಿ ತೆಸ್ಸಾಳನ್ನು ಹುಡುಕಿಕೊಂಡು ಮೂವರು ಮುದುಕಿಯರು ಬಾಗಿಲಿಗೆ ಬಂದು ನಿಂತರು.

ಹಳ್ಳಿ ಕೋಳಿ ಗೂಡಿನ ಕಡೆ ನಡೆಯಿತು. "ಅಕ್ಕಾ, ಒಂಚೂರು ಸರಿದು ಕೂತುಕೋ. ನನಗೆ ಕೆಲಸವಿದೆ."