ನಾಯಿಯ ಪಾಲು

"ಗುರುಗಳೇ, ನಾಳೆಯಿಂದ ಊರ ಸೆರೆಮನೆ ನನ್ನ ವಶಕ್ಕೆ ಬರುತ್ತದೆ. ನಾನು ಎಂಥವನೆಂದು ತಮಗೆ ಗೊತ್ತು. ಆದರೂ ನನ್ನ ಮಾತಿಗೆ ಒಳಪಡದ ಇಬ್ಬರು ತಮಗೆ ಬೇಕೆಂದಾಗಲೆಲ್ಲ ಒಳಗೆ ಬಂದು ನೋಡುತ್ತಾರಂತೆ. ಇದು ನನಗೆ ಅವಮಾನವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ಅವಮಾನವಂತೆ! ಕೂತುಕೋ, ಹೇಳುತ್ತೇನೆ" ಎಂದರು.

ಕುರಿ ಕಾಯುವ ಹೆಂಗಸೊಬ್ಬಳಿದ್ದಳು. ಯಾರದೋ ಚಾಡಿ ಮಾತಿಗೆ ಅವಳ ಒಬ್ಬನೇ ಮಗ ಸೆರೆ ಸೇರಿದ. ನ್ಯಾಯ ಇನ್ನೂ ತೀರಿರಲಿಲ್ಲ. ಆ ರಾಜ್ಯದಲ್ಲಿ ಸೆರೆಯಾಳಿಗೆ ಊಟ ಮನೆಯಿಂದಲೇ ಹೋಗಬೇಕು. ಬೆಳಗ್ಗೆ ಅವಳು ರೊಟ್ಟಿಯ ಗಂಟನ್ನು ಬಾಗಿಲಲ್ಲಿ ಕೊಡುವಳು, ಸಂಜೆ ಕಾವಲುಗಾರ ಗಂಟಿನ ಬಟ್ಟೆ ಹಿಂದಿರುಗಿಸುವನು.

ಕುರಿ ಕಾಯುವವರು ಕೊನೆಯ ತುಂಡು ರೊಟ್ಟಿಯನ್ನು ತಾವು ತಿನ್ನುವುದಿಲ್ಲ. ಅದು ಮಂದೆಯ ನಾಯಿಯ ಪಾಲು. ಸೆರೆಯಲ್ಲೂ ಮಗ ಅದನ್ನು ಮರೆಯಲಿಲ್ಲ. ಬಟ್ಟೆ ಬಿಚ್ಚಿದರೆ ದಿನವೂ ಒಂದು ಚೂರು ಇರುತ್ತಿತ್ತು. ನಾಯಿ ಅದಕ್ಕಾಗಿ ಹೊಸ್ತಿಲಲ್ಲೇ ಕಾದಿರುತ್ತಿತ್ತು.

ಒಂದು ಸಂಜೆ ಬಟ್ಟೆ ಬರಿದಾಗಿ ಬಂತು. ಮರುದಿನವೂ ಬರಿದು. ಮಗನಿಗೇನಾಯಿತು ಎಂದು ತಾಯಿ ಸೆರೆಮನೆಯ ಅಧಿಕಾರಿಯನ್ನು ಕೇಳಿದಳು.

"ಅವನಿಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದಾನೆ. ಹಸಿವು ಹೆಚ್ಚಿದೆ, ಪೂರ್ತಿ ತಿನ್ನುತ್ತಾನೆ. ನಡೆ!" ಎಂದು ಅವನು ಗದರಿದ.

ಅವಳು ರಾಜನ ಬಳಿಗೆ ಓಡಿದಳು. ರಾಜ ಒಳ್ಳೆಯವನೇ. ವಿಚಾರಿಸಿ ಬಾ ಎಂದು ಮಂತ್ರಿಯನ್ನು ಕಳಿಸಿದ. ಮಂತ್ರಿ ಹೋಗಿ ಯಾರನ್ನು ವಿಚಾರಿಸಿದ? ಅದೇ ಅಧಿಕಾರಿಯನ್ನು! ಅವನ ಮನೆಯ ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, "ಎಲ್ಲ ಕ್ಷೇಮ" ಎಂಬ ಮಾತು ತಂದು ಒಪ್ಪಿಸಿದ.

"ಬೇಲಿ ಎದ್ದು ಹೊಲ ಮೇಯಿತೇ ಎಂದು ಬೇಲಿಯನ್ನೇ ಕೇಳಿ ಬರುತ್ತೀರಲ್ಲ, ದೊರೆ! ನನ್ನ ಮಗ ನಾಯಿಯನ್ನು ಮರೆತು ಉಣ್ಣುವವನಲ್ಲ. ಬಾಗಿಲು ತೆಗೆಸಿ!" ಎಂದು ಅವಳು ಅರಮನೆಯ ಅಂಗಳದಲ್ಲೇ ಕೂತುಬಿಟ್ಟಳು. ಆಳುಗಳು ಎಳೆದರೂ ಏಳಲಿಲ್ಲ. ಕೊನೆಗೆ ರಾಜನೇ ಅವಳೊಡನೆ ಹೋಗಿ ಬಾಗಿಲು ತೆಗೆಸಿದ.

ಒಳಗೆ ಮಗ ಇರಲಿಲ್ಲ. ಏಟು ತಾಳದೆ ಸತ್ತವನನ್ನು ಹಿತ್ತಿಲಲ್ಲಿ ಹೂತಿದ್ದರು. ಅಂದು ಬೆಳಗ್ಗೆ ಅವಳೇ ಬಡಿದು ಕೊಟ್ಟಿದ್ದ ರೊಟ್ಟಿಯನ್ನು ಕಾವಲುಗಾರರು ಸುತ್ತ ಕೂತು ಹಂಚಿಕೊಳ್ಳುತ್ತಿದ್ದರು.

ಗುರುಗಳು ಕಥೆ ಮುಗಿಸಿದರು. ಶಿಷ್ಯ ಮೆಲ್ಲಗೆ, "ಎಂಥ ಪಾಪಿಗಳು! ಆದರೆ ಗುರುಗಳೇ, ನಾನು ಅಂಥವನಲ್ಲವಲ್ಲ" ಎಂದ.

"ಅದನ್ನು ನೀನು ಹೇಳಿದರೆ ಸಾಲದಪ್ಪ, ನಿನ್ನ ಮಾತಿಗೆ ಒಳಪಡದ ಆ ನಾಯಿ ಹೇಳಬೇಕು" ಎಂದರು ಗುರುಗಳು.