ದಿನ ಹೇಳಿದವನು

ಶಿಷ್ಯ ಕೇಳಿದ: “ಗುರುಗಳೇ, ಹೆದರಿದವರ ಸಮಾಧಾನಕ್ಕೆಂದು, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದರೆ ತಪ್ಪೇ?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ನೆಲದೊಳಗಿಂದ ಆಗಾಗ ಸದ್ದು ಬರುತ್ತಿತ್ತು. ನಾಗೊಂದಿಗೆಯ ಮೇಲಿನ ಪಾತ್ರೆಗಳು ಅಲುಗುತ್ತಿದ್ದವು. ಕಂಪನ ಅಳೆಯುವ ಯಂತ್ರ ಹಿಡಿದುಕೊಂಡು ಒಬ್ಬ ವಿಜ್ಞಾನಿ ಅಲ್ಲಿಗೆ ಬಂದು ನೆಲೆಸಿದ. ಊರಿನ ಮನೆಗಳೆಲ್ಲ ಕಲ್ಲುಗೋಡೆಯವು, ಮಳೆ ಸೋರದಂತೆ ಮಾಳಿಗೆಯ ಮೇಲೆ ದಪ್ಪಗೆ ಮಣ್ಣು ಹೇರಿದವು. ನೆಲದಡಿಯ ಬಂಡೆ ಒತ್ತಡ ತಾಳಲಾರದೆ ಜಾರಿದರೆ ಈ ಮಣ್ಣೇ ಒಳಗಿದ್ದವರ ಮೇಲೆ ಬೀಳುತ್ತದೆಂದು ಅವನು ಮನೆಮನೆಗೂ ಹೋಗಿ ತಿಳಿಸಿದ. ಜನ ನಂಬಿದರು. ಮಣ್ಣು ಇಳಿಸತೊಡಗಿದರು.

ಕೆಲಸ ನಿಧಾನವಾಗಿ ಸಾಗಿತು. ಅಷ್ಟರಲ್ಲಿ ಭಯ ಹೆಚ್ಚಿತು. ಬೆಳಗಾದರೆ ಜನ ಅವನ ಬಾಗಿಲಲ್ಲಿ ನಿಂತು, ಯಾವಾಗ ಎಂದು ಕೇಳುವರು. ಅದನ್ನು ಯಾರೂ ಹೇಳಲಾರರು ಎಂದರೆ ಒಪ್ಪರು. ತಾಯಂದಿರು ಮಕ್ಕಳನ್ನು ತಂದು ಅವನ ಮುಂದೆ ನಿಲ್ಲಿಸಿದರು. ಯಂತ್ರದ ಮುಳ್ಳು ಅಲುಗಿದಾಗಲೆಲ್ಲ ಅವನ ಎದೆ ಹಾರುತ್ತಿತ್ತು. ಅನ್ನ ಸೇರದಾಯಿತು. ಕೊನೆಗೊಮ್ಮೆ ತಡೆಯಲಾರದೆ, ಬರುವ ಹುಣ್ಣಿಮೆಗೆ ಎಂದುಬಿಟ್ಟ.

ಹುಣ್ಣಿಮೆಯಂದು ಊರೆಲ್ಲ ಬಯಲಿನಲ್ಲಿ ಮಲಗಿತು. ನೆಲ ಮಿಸುಕಲಿಲ್ಲ. ಬೆಳಿಗ್ಗೆ ಜನ ಗಂಡಾಂತರ ಕಳೆಯಿತೆಂದು ಚಾಪೆ ಸುತ್ತಿಕೊಂಡು ಹೊರಟರು. ವಿಜ್ಞಾನಿ ದಾರಿಗೆ ಅಡ್ಡ ನಿಂತ. ದಿನ ತನಗೆ ತಿಳಿದೇ ಇರಲಿಲ್ಲ, ಅಪಾಯ ಹಾಗೆಯೇ ಇದೆ, ಮಣ್ಣು ಇಳಿಸುವುದನ್ನು ಬಿಡಬೇಡಿ ಎಂದು ಬೇಡಿಕೊಂಡ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬ ಕುಂಬಾರ ನಿಂತು ಕೇಳಿದ: “ಸ್ವಾಮಿ, ಅಂದು ಹೇಳಿದ್ದು ಸುಳ್ಳಾದ ಮೇಲೆ ಇವತ್ತಿನದನ್ನು ಹೇಗೆ ನಂಬಲಿ?”

ಅವನ ದನಿಯಲ್ಲಿ ಕೋಪವಿರಲಿಲ್ಲ. ವಿಜ್ಞಾನಿ ದಾರಿ ಬಿಟ್ಟು ಸರಿದ.

ಮಳೆಗಾಲ ಹತ್ತಿರವಾಗಿತ್ತು. ಸೋರೀತೆಂದು ಜನ ಇಳಿಸಿದ ಮಣ್ಣನ್ನೇ ಮತ್ತೆ ಮಾಳಿಗೆಗೆ ಏರಿಸಿದರು. ವಿಜ್ಞಾನಿ ಊರು ಬಿಡಲಿಲ್ಲ. ಸಿಕ್ಕಿದವರಿಗೆಲ್ಲ ಹೇಳುತ್ತಲೇ ಇದ್ದ. ಜನ ನಕ್ಕು ಮುಂದೆ ಹೋಗುತ್ತಿದ್ದರು. ಮಳೆ ಕಳೆದು ಚಳಿ ಶುರುವಾದಾಗ, ಒಂದು ನಸುಕಿನಲ್ಲಿ ನೆಲದಡಿಯ ಬಂಡೆ ಜಾರಿತು.

ವಿಜ್ಞಾನಿ ಬರಿಗೈಯಲ್ಲಿ ಮಣ್ಣು ಬಗೆದ. ಕುಂಬಾರನೂ ಮಗಳೂ ಒಂದೇ ಕಡೆ ಸಿಕ್ಕರು. ಕುಂಬಾರನಿಗೆ ಉಸಿರಿತ್ತು. ಮಗಳಿಗೆ ಇರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, “ಆದರೂ ಅವನು ದಿನ ಹೇಳಿದ್ದು ಅವರ ಮೇಲಿನ ಕನಿಕರದಿಂದಲೇ ಅಲ್ಲವೇ?” ಎಂದ.

ಗುರುಗಳು ಕೇಳಿದರು: “ಹೇಳಿದೊಡನೆ ಮೊದಲು ಹಗುರಾದದ್ದು ಯಾರ ಎದೆ?”