ಡೊಳ್ಳಿನ ಹಗ್ಗವನ್ನು ತೊಡೆಗೆ ಬಿಗಿದವನು

ರಾಣೆಬೆನ್ನೂರು ಸೀಮೆಯ ಒಂದು ಹಳ್ಳಿಯಲ್ಲಿ ಮಾಲತೇಶ ಅಂತ ಡೊಳ್ಳು ಬಾರಿಸುವವನಿದ್ದ. ಮೇಳಕ್ಕೆ ಅವನೇ ಮುಂದಾಳು. ಕೈ ಒಳ್ಳೆಯದು, ಅವನು ತಾಳ ತಪ್ಪಿದ್ದನ್ನು ಕೇಳಿದವರೇ ಇಲ್ಲ. ಆದರೆ ಜಂಬ! ಅವನು ಮೀಸೆಗೆ ಹಚ್ಚುತ್ತಿದ್ದ ಎಣ್ಣೆಯಲ್ಲಿ ಹೆಂಡತಿ ಹಾಲವ್ವ ವಾರದ ಒಗ್ಗರಣೆ ಮುಗಿಸಬಹುದಿತ್ತು.

ಒಂದು ಸಲ ಇನ್ನೊಬ್ಬನ ಹೆಗಲೇರಿ ನಿಂತು ಬಾರಿಸಿದ. ಮಂದಿ ಸಿಳ್ಳೆ ಹೊಡೆದರು. ಸಿಳ್ಳೆ ಕೇಳಿದ್ದೇ ತಡ, ಅಲ್ಲೇ ಒಂದು ಜಿಗಿತ ಜಿಗಿದ, ಬಿದ್ದ. ಮೊಣಕಾಲಿನೊಳಗಿನ ನಾರು ಹರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಅದೇನೋ ಚೆನ್ನಾಗಿಯೇ ಆಯಿತು. ಆದರೆ ಮಲಗಿ ಮಲಗಿ ತೊಡೆ ಒಣಗಿದ ನುಗ್ಗೆಕಾಯಿಯ ಹಾಗಾಯಿತು. ಅಷ್ಟರಲ್ಲಿ ಮೇಳದ ಮುಂದೆ ಬಂದು ನಿಂತವನು ಯಾರು ಅಂತೀರಿ? ಅವನ ಷಡ್ಡಕ ನಿಂಗರಾಜ, ಹಾಲವ್ವನ ತಂಗಿಯ ಗಂಡ. ಷಡ್ಡಕರ ಹೊಟ್ಟೆಕಿಚ್ಚಿಗೆ ಸೌದೆಯೂ ಬೇಡ, ಊದುಗೊಳವೆಯೂ ಬೇಡ.

ಆಸ್ಪತ್ರೆಯಲ್ಲಿ ಕಾಲಿಗೆ ಕಸರತ್ತು ಮಾಡಿಸುವ ಫಿಜಿಯೋ ಮೇಡಂ ಒಬ್ಬರಿದ್ದರು, ತಬಸ್ಸುಮ್ ಅಂತ. ಬೀಪಿ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥದೇ ಅಗಲದ ಪಟ್ಟಿಯನ್ನು ಅವನ ತೊಡೆಯ ಬುಡಕ್ಕೆ ಸುತ್ತಿ, ಗಾಳಿ ತುಂಬಿ, ಯಂತ್ರ ನೋಡಿಕೊಂಡು ಬಿಗಿಯುತ್ತಿದ್ದರು. ಆಮೇಲೆ ಕಾಲನ್ನು ಹಗುರವಾಗಿ ಎತ್ತಿಸಿ ಇಳಿಸುತ್ತಿದ್ದರು. ಸ್ವಲ್ಪ ಹೊತ್ತಿಗೇ ಗಾಳಿ ಬಿಟ್ಟು ಸಡಿಲಿಸುತ್ತಿದ್ದರು.

"ಇದೇನ್ರೀ ಮೇಡಂ, ಎತ್ತಿದ್ದು ಗುಲಗಂಜಿಯಷ್ಟು, ತೊಡಿ ಮಾತ್ರ ಗುಡ್ಡ ಹೊತ್ತಂಗ ಉರೀತೈತಿ!" ಅಂದ ಮಾಲತೇಶ.

"ಉಪಾಯ ಅದೇ. ಈಗ ನಿಮ್ಮ ಕಾಲು ಭಾರ ತಡೆಯೋದಿಲ್ಲ. ರಕ್ತದ ಓಟ ಸ್ವಲ್ಪ ತಡೆದರೆ ಹಗುರ ಕೆಲಸವನ್ನೇ ಭಾರ ಅಂತ ನಂಬಿ ತೊಡೆ ಗಟ್ಟಿಯಾಗ್ತದೆ. ಆದರೆ ಸ್ವಲ್ಪ ತಡೀಬೇಕು, ಪೂರ್ತಿ ಅಲ್ಲ. ಮನೇಲಿ ಏನನ್ನೂ ಕಟ್ಟಿಕೊಳ್ಳಬೇಡಿ. ಕಾಲೇ ಹೋದೀತು."

ಜಂಬದವನ ಕಿವಿಯಲ್ಲಿ ಜರಡಿ ಇರುತ್ತದೆ. ಬೇಕಾದ್ದಷ್ಟೇ ಒಳಗಿಳಿಯುತ್ತದೆ. ಹಗ್ಗ ಬಿಗಿದಷ್ಟೂ ಡೊಳ್ಳು ನುಡಿಯುತ್ತದೆ, ಹಾಗೆಯೇ ತೊಡೆ ಬಿಗಿದಷ್ಟೂ ಕಾಲು ಬೇಗ ಏಳುತ್ತದೆ ಅಂತ ಅವನ ಲೆಕ್ಕ. ಮನೆಯಲ್ಲಿ ದಿನಾ ಊಟವಾದ ಮೇಲೆ ಡೊಳ್ಳುಗಳನ್ನಿಡುವ ಕೋಣೆಗೆ ಹೋಗಿ ಮೇಲಿನ ಚಿಲಕ ಹಾಕಿಕೊಳ್ಳತೊಡಗಿದ. ಹೆಂಡತಿಗೂ ಹೇಳಲಿಲ್ಲ.

ಓಣಿ ಸುಮ್ಮನಿರುತ್ತದೆಯೇ?

"ಒಳಗ ಬಾಟಲಿ ಐತಿ," ಅಂದಳು ಒಬ್ಬಳು.

"ಬಾಟಲಿಗೆ ಯಾರರ ಚಿಲಕ ಹಾಕ್ತಾರೇನವ್ವ? ಯಾವಳೋ ಇರಬೇಕು," ಅಂದಳು ಇನ್ನೊಬ್ಬಳು.

"ಆ ತೊಗಲಿನ ನಾತಕ್ಕ ಇಲಿನೂ ನಿಲ್ಲೂದಿಲ್ಲ, ಯಾವಳು ಬರ್ತಾಳ!"

ಹಾಲವ್ವನ ಕಿವಿಗೂ ಬಿತ್ತು. ಅವಳು ಅತ್ತಳು, ಕೇಳಿದಳು. ಅವನು ಮೀಸೆ ತಿರುವಿದ, ಅಷ್ಟೇ.

ಒಂದು ದಿನ ಹಾಲವ್ವ ಗಿರಣಿಗೆ ಹೋಗಿದ್ದಳು. ಮನೆಯ ಮುಂದಿನ ಬಯಲಲ್ಲಿ ನಿಂಗರಾಜ ಮೇಳವನ್ನು ಸೇರಿಸಿ ತಾಲೀಮು ಶುರು ಮಾಡಿದ. ಒಳಗಿದ್ದವನಿಗೆ ಆ ಸದ್ದು ಎದೆಗೆ ಒದ್ದ ಹಾಗಾಯಿತು. ಸಿಟ್ಟಿನಲ್ಲಿ ಡೊಳ್ಳಿನ ಹಗ್ಗವನ್ನು ತೊಡೆಗೆ ದಿನಕ್ಕಿಂತ ಎರಡು ಸುತ್ತು ಹೆಚ್ಚಿಗೆ ಸುತ್ತಿದ. ನಡುವೆ ಬಡಿಗೆ ತೂರಿಸಿ ತಿರುವಿ ತಿರುವಿ ಬಿಗಿದು ಗಂಟು ಹಾಕಿದ. ಕಾಲು ಎತ್ತಿದ, ಇಳಿಸಿದ. ತೊಡೆ ಉರಿಯಿತು. ಉರಿಯಲಿ ಅಂದ.

ಆಮೇಲೆ ಉರಿ ನಿಂತಿತು. ಅಲ್ಲಿಂದ ಹೆದರಿಕೆ ಶುರುವಾಯಿತು.

ಕಾಲ್ಬೆರಳುಗಳು ಬಿಳಿಚಿದವು. ಆಮೇಲೆ ನೀಲಿಗೆ ತಿರುಗಿದವು. ಮುಟ್ಟಿದರೆ ತಣ್ಣಗೆ. ಚಿವುಟಿದರೆ ಗೊತ್ತೇ ಆಗಲಿಲ್ಲ. ಯಾರದೋ ಸತ್ತವರ ಪಾದವನ್ನು ತಂದು ತನ್ನ ಕಾಲಿಗೆ ಅಂಟಿಸಿಟ್ಟ ಹಾಗಿತ್ತು. ಗಂಟು ಬಿಚ್ಚಲು ಹೋದ. ತೊಡೆ ಬಾತು ಹಗ್ಗವನ್ನು ನುಂಗಿಕೊಂಡಿತ್ತು. ಬೆವರಿದ ಕೈಬೆರಳುಗಳು ಜಾರಿದವು. ಏಳಲು ಹೋದ, ಕುಸಿದುಬಿದ್ದ. ಚಿಲಕ ಮೇಲಿದೆ, ಅವನು ನೆಲದಲ್ಲಿದ್ದಾನೆ.

"ಹಾಲವ್ವಾ! ಲೇ ನಿಂಗರಾಜಾ!"

ಹೊರಗೆ ಡೊಳ್ಳಿನ ಅಬ್ಬರ. ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ತೆವಳಿಕೊಂಡು ಹೋಗಿ ಮೂಲೆಯಲ್ಲಿದ್ದ ತನ್ನ ಡೊಳ್ಳನ್ನು ಎಳೆದುಕೊಂಡು ಬಾರಿಸಿದ. ಆದರೆ ಅಭ್ಯಾಸದ ಕೈ ನೋಡಿ, ಹೊರಗಿನ ತಾಳಕ್ಕೇ ಹೋಗಿ ಕೂತಿತು.

"ಅಣ್ಣ ಒಳಗಿಂದನ ಸಾಥ್ ಕೊಡಾಕತ್ತಾನ! ಹೊಟ್ಟಿ ಉರಿ ಅಂದ್ರ ಇದಾ!" ಅಂತ ನಿಂಗರಾಜ ನಕ್ಕ. ಮೇಳವೆಲ್ಲ ನಕ್ಕಿತು.

ಮಾಲತೇಶನಿಗೆ ತಿಳಿಯಿತು. ತಾಳದಲ್ಲಿ ಇರುವ ತನಕ ಯಾರೂ ಬರುವುದಿಲ್ಲ. ತಾಳ ತಪ್ಪಬೇಕು. ಊರ ಮುಂದೆ, ಅದೂ ಷಡ್ಡಕನ ಮುಂದೆ! ಕೈ ಒಪ್ಪಲಿಲ್ಲ. ಕಾಲು ನೋಡಿಕೊಂಡ. ನೀಲಿ ಈಗ ಮೀನಖಂಡಕ್ಕೆ ಏರಿತ್ತು. ಕಣ್ಣು ಮುಚ್ಚಿ, ಡೊಳ್ಳು ಹಿಡಿಯಲು ಬಾರದ ಕೂಸಿನ ಹಾಗೆ ಅಡ್ಡಾದಿಡ್ಡಿ ಬಡಿದ.

ನಿಂಗರಾಜನ ಕೈ ಮೇಲಕ್ಕೆತ್ತಿದ್ದು ಹಾಗೆಯೇ ನಿಂತಿತು. ಬಯಲು ಗಪ್ಪಾಯಿತು.

"ಅಣ್ಣ ತಾಳ ತಪ್ಪೂದಿಲ್ಲ. ಏನೋ ಆಗೇತಿ. ಬಾಗಲಾ ಒಡೀರಿ!"

ಬಾಗಿಲು ಮುರಿದರು. ಬಾಟಲಿಯೂ ಇರಲಿಲ್ಲ, ಯಾವಳೂ ಇರಲಿಲ್ಲ. ಇಣುಕಲು ಓಡಿಬಂದ ಓಣಿಯ ಹೆಂಗಸರು ಆ ಕಾಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ನಿಂಗರಾಜ ಕುಡುಗೋಲಿನ ತುದಿಯನ್ನು ಗಂಟಿಗೆ ಹಾಕಿ ಹಗ್ಗ ಕೊಯ್ದ. ರಕ್ತ ತಿರುಗಿ ಕಾಲಿಗೆ ಇಳಿಯುವಾಗ ಮಾಲತೇಶ ಚೀರಿಟ್ಟಿದ್ದು ಗಿರಣಿಯಲ್ಲಿದ್ದ ಹಾಲವ್ವನಿಗೆ ಕೇಳಿಸಿತಂತೆ. ಅದೇ ಷಡ್ಡಕ ಅವನನ್ನು ಹೆಗಲ ಮೇಲೆ ಹೊತ್ತು ಗಾಡಿಗೆ ಹಾಕಿದ.

ಕಾಲು ಉಳಿಯಿತು. ಇನ್ನೂ ತಡವಾಗಿದ್ದರೆ ಕತ್ತರಿಸಬೇಕಾಗುತ್ತಿತ್ತು ಅಂದರು ಡಾಕ್ಟರು. ಪಾದದ ಜೋಮು ಮಾತ್ರ ಬಹಳ ಕಾಲ ಬಿಡಲಿಲ್ಲ. ತಬಸ್ಸುಮ್ ಮೇಡಂ ಕಸರತ್ತನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಆ ವರ್ಷ ಮೇಳದ ಮುಂದೆ ನಿಂತವನು ನಿಂಗರಾಜನೇ.

ಹಾಸಿಗೆಯ ಪಕ್ಕ ಕೂತು ಹಾಲವ್ವ ಒಂದೇ ಮಾತು ಕೇಳಿದಳು: "ಬಾರಿಸಿದ ಮ್ಯಾಲೆ ಡೊಳ್ಳಿನ ಹಗ್ಗ ಸಡಿಲ ಮಾಡ್ತೀರಲ್ಲ, ಯಾಕ?"

"ಬಿಗಿದಂಗ ಬಿಟ್ಟರ ತೊಗಲು ಹರೀತೈತಿ."

"ಸತ್ತ ಆಡಿನ ತೊಗಲಿನ ಮ್ಯಾಲೆ ಇದ್ದ ಕರುಣೆ ನಿಮ್ಮ ತೊಗಲಿನ ಮ್ಯಾಲೆ ಇಲ್ಲದಂಗಾತಲ್ಲ!"

ಅವನು ಮೀಸೆ ತಿರುವಲಿಲ್ಲ.

ನೀತಿ: ಬಿಗಿಯುವುದು ಅರ್ಧ ಮದ್ದು, ಸಡಿಲಿಸುವುದು ಇನ್ನರ್ಧ. ತಿಳಿದವರ ಮಾತನ್ನು ಅರ್ಧ ಕೇಳಿ ಗುಟ್ಟಾಗಿ ವೈದ್ಯ ಮಾಡಿಕೊಳ್ಳಬಾರದು. ಜಂಬದ ಗಂಟಿಗೆ ಸಿಕ್ಕಿಕೊಂಡಾಗ ನಾಲ್ಕು ಜನರ ಮುಂದೆ ತಾಳ ತಪ್ಪಿದರೂ ಚಿಂತೆಯಿಲ್ಲ, ಜೀವ ಉಳಿಸಿಕೊಳ್ಳಬೇಕು.